ಹೊಂಡದ ಬೂದಿ

ಜಗಳೂರಿನಿಂದ ಬಂದ ಕಾರ್ಡಿನಲ್ಲಿ ಮೂರೇ ಸಾಲಿತ್ತು. ತಂದೆಯವರು ತೀರಿಕೊಂಡರು, ಕಾರ್ಯವೆಲ್ಲ ಮುಗಿಯಿತು, ನಿಮ್ಮನ್ನು ಆಗಾಗ ನೆನೆಯುತ್ತಿದ್ದರು. ಬರೆದವಳು ಅವರ ಮಗಳು. ಮೂರನೆಯ ಸಾಲು ಓದಿ ನನಗೆ ದುಃಖಕ್ಕಿಂತ ಮೊದಲು ಭಯವಾಯಿತು. ಏನೆಂದು ನೆನೆಯುತ್ತಿದ್ದರು? ಮಗಳ ಮುಂದೆ ಏನೇನು ಹೇಳಿದ್ದರು? ಗೆಳೆಯ ಸತ್ತ ಸುದ್ದಿ ಕೇಳಿ ತನ್ನ ಮಾನದ ಚಿಂತೆ ಮಾಡುವ ಮನುಷ್ಯ ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಅವರ ಹೆಸರು ಬರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಇರುವೆ ಹರಿದಂತೆ ಸಣ್ಣಕ್ಷರದಲ್ಲಿ ರುಜು ಹಾಕುತ್ತಿದ್ದವರು ಅವರು. ಹೆಸರು ಅಚ್ಚಾದದ್ದು ಕಂಡಿದ್ದರೆ ರಜೆ ಹಾಕಿ ಊರಿಗೆ ಹೋಗಿಬಿಡುತ್ತಿದ್ದರು.

ಎಪ್ಪತ್ತರ ದಶಕದ ನಡುವೆ ಹೊನ್ನಾಳಿಯ ಒಂದೇ ಕಚೇರಿಯಲ್ಲಿ ನಾವಿಬ್ಬರೂ ಇದ್ದೆವು. ಸೈಕಲ್ಲಿನಲ್ಲಿ ಹಳ್ಳಿಗಳಿಗೆ ಹೋಗಿ, ಯಾವ ಬೀಜ ಬಿತ್ತಬೇಕು, ಯಾವ ಗೊಬ್ಬರ ಎಷ್ಟು ಹಾಕಬೇಕು ಎಂದು ರೈತರಿಗೆ ಹೇಳುವ ಕೆಲಸ. ನ್ಯಾಮತಿ ಕಡೆಯ ಹಳ್ಳಿಗಳೆಲ್ಲ ನಮ್ಮಿಬ್ಬರ ಪಾಲಿಗೆ ಬಂದಿದ್ದವು. ನಾನು ಚನ್ನಗಿರಿಯ ಅಡಿಕೆ ವ್ಯಾಪಾರಸ್ಥರ ಮನೆಯವನು, ಕೆಲಸಕ್ಕಿಂತ ಮಾತು ಜಾಸ್ತಿ. ಅವರು ಎಲ್ಲಿಯವರು, ಯಾರ ಪೈಕಿ ಎಂದು ಕಚೇರಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದರೆ ‘ಈ ಕಡೇರೇ ರೀ’ ಎಂದು ಕೈಯನ್ನು ಯಾವುದೋ ದಿಕ್ಕಿಗೆ ಬೀಸುತ್ತಿದ್ದರು. ಕೈ ದಿನಕ್ಕೊಂದು ದಿಕ್ಕಿಗೆ ಹೋಗುತ್ತಿತ್ತು.

ಅಷ್ಟು ಹೆದರುಪುಕ್ಕಲರನ್ನು ನಾನು ಕಂಡಿಲ್ಲ. ತುಂಗಭದ್ರೆಯ ಸೇತುವೆ ಬಂದರೆ ಸೈಕಲ್ ಇಳಿದು ನಡೆಯುತ್ತಿದ್ದರು. ಯಾರ ಮನೆಗೆ ಹೋದರೂ ಬಾಗಿಲ ಹತ್ತಿರವೇ ಕೂರುತ್ತಿದ್ದರು, ಅದೂ ಚಪ್ಪಲಿ ಕಾಣುವಂತೆ. ಬ್ಯಾಗಿನಲ್ಲಿ ಸದಾ ಒಂದು ನೀರಿನ ಬಾಟ್ಲಿ, ಒಂದು ಸ್ಟೀಲ್ ಲೋಟ. ಒಮ್ಮೆ ನಮ್ಮೂರ ಕಡೆ ಬಂದಾಗ ಸೂಳೆಕೆರೆ ತೋರಿಸೋಣ ಎಂದು ಏರಿಯ ಮೇಲೆ ಕರೆದುಕೊಂಡು ಹೋದೆ. ಕಣ್ಣು ಹಾಯುವಷ್ಟು ದೂರ ನೀರು. ಯಾರಾದರೂ ‘ಆಹಾ’ ಎನ್ನಬೇಕು. ಇವರು ಎರಡು ಹೆಜ್ಜೆ ಹಿಂದೆ ಸರಿದು, ‘ಇಷ್ಟು ನೀರು ಒಂದು ಏರಿ ನಂಬ್ಕೊಂಡು ನಿಂತೈತಲ್ರೀ, ನಡೀರಿ ಹೋಗಾಣ’ ಎಂದರು. ಕಚೇರಿಯಲ್ಲಿ ಇದನ್ನು ಅಭಿನಯ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದೆ. ಅವರೂ ನಕ್ಕರು.

ಬಾಟ್ಲಿಯ ಗುಟ್ಟು ನನಗೆ ತಿಳಿದದ್ದು ವರ್ಷ ಕಳೆದ ಮೇಲೆ. ಜ್ವರ ಬಂದು ಮಲಗಿದ್ದಾರೆಂದು ಅವರ ಬಾಡಿಗೆ ಕೋಣೆಗೆ ಹೋಗಿದ್ದೆ. ಗೋಡೆಯ ಮೇಲೆ ಬುದ್ಧನ ಒಂದು ಪಟ, ಅದರ ಕೆಳಗೆ ಬಿಳಿ ರುಮಾಲಿನ ಮುದುಕರೊಬ್ಬರ ಫೋಟೋ. ‘ನಮ್ಮಪ್ಪ’ ಎಂದರು. ಜ್ವರದ ಬಾಯಿ, ಮಾತು ನಿಲ್ಲಲಿಲ್ಲ. ಅವರಪ್ಪ ಒಂದು ಪಟ್ಟಣದಲ್ಲಿ ಮನೆಮನೆಯ ಕಕ್ಕಸಿನ ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತವರು. ಸರ್ಕಾರ ಆ ಪದ್ಧತಿ ನಿಲ್ಲಿಸುವ ಹೊತ್ತಿಗೆ ಅವರೇ ಇರಲಿಲ್ಲ. ಬೇರೆಯವರ ಮನೆಯಲ್ಲಿ ಲೋಟ ಮುಟ್ಟಿ, ಆಮೇಲೆ ಯಾರೆಂದು ಗೊತ್ತಾಗಿ ರಂಪವಾಗುವುದು ಬೇಡವೆಂದೇ ಬಾಟ್ಲಿ. ನಾನು ಅಭಿನಯ ಮಾಡಿ ತೋರಿಸುತ್ತಿದ್ದ ಭಯಗಳೆಲ್ಲದರ ಬುಡದಲ್ಲಿ ಈ ಒಂದೇ ಭಯವಿತ್ತು. ಅಂದಿನಿಂದ ಅಭಿನಯ ಬಿಟ್ಟೆ. ಗುಟ್ಟನ್ನು ಕಾಪಾಡಿದೆ. ನನ್ನ ಬಗ್ಗೆ ಹೇಳಿಕೊಳ್ಳಬಹುದಾದದ್ದು ಅಷ್ಟೇ.

ಆ ಕಾಲಕ್ಕೆ ಗೊಬ್ಬರಕ್ಕೆ ಹಾಹಾಕಾರ. ಅಂಗಡಿ ಮುಂದೆ ಸಾಲು, ಬಾಗಿಲಿಗೆ ‘ಸ್ಟಾಕಿಲ್ಲ’ ಎಂಬ ಬೋರ್ಡು. ಅದರಲ್ಲೂ ಸೂಪರ್ ಫಾಸ್ಫೇಟು ಕಣ್ಣಿಗೆ ಬೀಳುತ್ತಿರಲಿಲ್ಲ. ರೈತರು ನಮ್ಮನ್ನು ಬೈದರೆ ನಾವು ಮೇಲಿನವರನ್ನು ಬೈಯುತ್ತಿದ್ದೆವು. ಇವರೊಬ್ಬರು ಮಾತ್ರ ಚರಂಡಿ ನೋಡುತ್ತ ನಿಲ್ಲುತ್ತಿದ್ದರು.

‘ಸೂಪರ್ ಮಾಡಾಕೆ ಬೇಕಾದ ಕಲ್ಲು ಹಡಗಿನಾಗೆ ಬರ್ತೈತಂತೆ ರೀ. ಅದರಾಗೆ ಏನೈತೆ? ರಂಜಕ. ನಾವು ಉಂಡ ಅನ್ನದಾಗೂ ಅದೇ ರಂಜಕ ಐತೆ. ಬೆಳಿಗ್ಗೆ ಎದ್ದು ಅದನ್ನ ಚರಂಡಿಗೆ ಬಿಟ್ಟು, ಸಂಜೆ ಅಂಗಡಿ ಮುಂದೆ ಸಾಲು ನಿಲ್ತೀವಿ.’

ಊರ ಹೊರಗೆ ಬಸ್‌ಸ್ಟ್ಯಾಂಡ್ ಕಡೆಯ ಚರಂಡಿ ಬಂದು ಸೇರುವ ಹೊಂಡವೊಂದಿತ್ತು. ಅದರ ತಳದಲ್ಲಿ ಊರಿನ ಹೊಲಸೆಲ್ಲ ಕೆಸರಾಗಿ ಕೂರುತ್ತಿತ್ತು. ರಜಾ ದಿನಗಳಲ್ಲಿ ಇವರು ಆ ಕೆಸರನ್ನು ಎತ್ತಿ ಬಿಸಿಲಿಗೆ ಹರವಿ ಒಣಗಿಸಿದರು. ಹೊಳೆದಂಡೆಯಲ್ಲಿ ಪಾಳುಬಿದ್ದಿದ್ದ ಇಟ್ಟಿಗೆ ಗೂಡಿನಲ್ಲಿ ಭತ್ತದ ಹೊಟ್ಟು ಹಾಕಿ ಸುಟ್ಟರು. ಸುಟ್ಟರೆ ವಾಸನೆ ಹೋಗುತ್ತದೆ, ರೋಗದ ಹುಳ ಸಾಯುತ್ತದೆ, ರಂಜಕ ಮಾತ್ರ ಬೂದಿಯಲ್ಲಿ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಆದರೆ ಬೂದಿಯಲ್ಲಿರುವುದು ಗಿಡದ ಬೇರಿಗೆ ಬೇಗ ದಕ್ಕುವುದಿಲ್ಲ, ಅದಕ್ಕೆ ಆಸಿಡ್ ಬೆರೆಸಬೇಕು. ಬಸ್‌ಸ್ಟ್ಯಾಂಡ್ ಹಿಂದಿನ ಬ್ಯಾಟರಿ ರಿಪೇರಿ ಅಂಗಡಿಯಿಂದ ಆಸಿಡ್ ತಂದರು. ಹೊಗೆ ಏಳುತ್ತಿತ್ತು, ಇವರು ಉದ್ದ ಕೋಲಿನಲ್ಲಿ ಕಲಕಿ ಓಡಿಹೋಗಿ ನಿಲ್ಲುತ್ತಿದ್ದರು, ಮತ್ತೆ ಬಂದು ಕಲಕುತ್ತಿದ್ದರು.

ಕೊನೆಗೊಂದು ದಿನ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆ ಹಿಡಿದು ನನ್ನನ್ನು ಕರೆದರು. ಯಾವುದೋ ದ್ರವದ ನಾಲ್ಕು ಹನಿ ಬಿಟ್ಟರು. ತಿಳಿನೀರು ನಿಧಾನಕ್ಕೆ ನೀಲಿಯಾಯಿತು. ‘ನೀಲಿ ಬಂದ್ರೆ ರಂಜಕ ಐತೆ ಅಂತ’ ಎಂದರು. ಮಗು ಹುಟ್ಟಿದ ಮನೆಯವರ ಮುಖ. ‘ನಮ್ಮಪ್ಪ ಹೊತ್ತಿದ್ದು ಬರೀ ಹೊಲಸಲ್ಲ ರೀ’ ಎಂದು ಎರಡು ಸಲ ಹೇಳಿದರು. ನನಗೆ ಕಣ್ಣು ತುಂಬಿ ಬಂದದ್ದು ನಿಜ. ಬುದ್ಧಿ ಕೆಟ್ಟದ್ದೂ ಅಲ್ಲಿಂದಲೇ.

ಹೊಲದಲ್ಲಿ ಹಾಕಿ ನೋಡಬೇಕಲ್ಲ, ಹೊಲ ಕೊಡುವವರು ಯಾರು? ಗೋವಿನಕೋವಿಯಲ್ಲಿ ನನ್ನ ಹೆಂಡತಿಯ ಸೋದರಮಾವನ ಮನೆಯಿತ್ತು. ಲಿಂಗಪೂಜೆ ಮಾಡದೆ ಹನಿ ನೀರು ಕುಡಿಯದ ಮನೆ. ನಾನೂ ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಹೋಗುವ ದಾರಿಯಲ್ಲಿ ಇವರು ಸೈಕಲ್ ನಿಲ್ಲಿಸಿದರು. ‘ಏನು ಅಂತ ಹೇಳಿಯೇ ಕೊಡಾಣ ರೀ. ಆಮ್ಯಾಲೆ ಗೊತ್ತಾದ್ರೆ ಕೆಟ್ಟದ್ದು.’

‘ನೀವು ಸುಮ್ನಿರ್ರಿ, ಮಾತು ನನಗೆ ಬಿಡ್ರಿ’ ಎಂದೆ.

ಮಾವ ಚೀಲದ ಬಾಯಿ ಬಿಚ್ಚಿ ನೋಡಿ ‘ಏನಿದು?’ ಎಂದರು. ‘ಅಕ್ಕಿ ಗಿರಣಿ ಬೂದಿ ಮಾವ, ಅದಕ್ಕೊಂದಿಷ್ಟು ಔಷಧ ಸೇರಿಸೈತೆ’ ಎಂದೆ. ನಾಲಗೆಗೆ ಎಲುಬಿಲ್ಲ. ಎರಡು ಚೀಲ ಕೊಟ್ಟೆವು. ಒಂದರಲ್ಲಿ ಆಸಿಡ್ ಬೆರೆಸಿದ್ದು, ಒಂದರಲ್ಲಿ ಬರೀ ಬೂದಿ. ಗದ್ದೆಯ ಎರಡು ಪಟ್ಟಿಗೆ ಬೇರೆಬೇರೆ ಹಾಕಿ, ಯಾವುದರಲ್ಲಿ ಭತ್ತ ಚೆನ್ನಾಗಿ ಬರುತ್ತದೆ ನೋಡುವುದು. ಇವರು ಬಾಗಿಲ ಹತ್ತಿರ ಕೂತು ತಮ್ಮ ಬಾಟ್ಲಿಯ ನೀರು ಕುಡಿದರು.

ಮೂರು ವಾರ ಕಳೆಯಿತು. ಆಸಿಡ್ ಇನ್ನಷ್ಟು ಬೇಕಾಗಿ ಇವರು ಬ್ಯಾಟರಿ ಅಂಗಡಿಗೆ ಹೋದರು. ಅಂಗಡಿಯಾತ ಹಳೆಯ ಬ್ಯಾಟರಿಯೊಂದನ್ನು ಒಡೆದು, ಒಳಗಿನ ತಗಡುಗಳನ್ನು ಚರಂಡಿಯಲ್ಲಿ ಹಿಡಿದು ತೊಳೆಯುತ್ತಿದ್ದ. ಕಪ್ಪು ನೀರು ಹರಿದು ಹೊಂಡದ ಕಡೆಗೆ ಹೋಗುತ್ತಿತ್ತು. ಇವರು ಆಸಿಡ್ ಕೊಳ್ಳದೆ ನೇರ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಬೆವರು ಇಳಿಯುತ್ತಿತ್ತು.

‘ಬ್ಯಾಟರಿ ಒಳಗೆ ಸೀಸ ಇರ್ತೈತೆ ರೀ. ಸೀಸ ವಿಷ. ಬೆಂಕಿಗೆ ಹುಳ ಸಾಯ್ತವೆ, ಸೀಸ ಸಾಯಲ್ಲ. ಕೆಸರು ಸುಟ್ಟಷ್ಟೂ ಬೂದಿಯಾಗೆ ಅದು ಒತ್ತಾಗಿ ಕೂರ್ತೈತೆ. ರಂಜಕ ಉಳೀತೈತೆ ಅಂತ ಕುಣಿದೆ, ಜೊತೆಗೆ ಇನ್ನೇನು ಉಳೀತೈತೆ ಅಂತ ನೋಡ್ಲೇ ಇಲ್ಲ ನಾನು.’

ಹೈಸ್ಕೂಲಿನ ಪ್ರಯೋಗಶಾಲೆಯ ಕೀಲಿ ಸಿಕ್ಕಿದ್ದು ಮಾರನೆಯ ದಿನ ನಸುಕಿಗೆ. ಈ ಸಲ ಬೇರೆ ದ್ರವ. ಕೊಳವೆಯ ತಳದಲ್ಲಿ ಹಳದಿ ಮಡ್ಡಿ ಇಳಿಯಿತು. ಅರಿಶಿನದಷ್ಟು ಚೆಂದದ ಹಳದಿ. ಹಳದಿ ಇಳಿದರೆ ಸೀಸ ಇದೆಯೆಂದೇ ಅರ್ಥ. ಆದರೂ ಸಮಾಧಾನ ಹೇಳಿಕೊಂಡೆ. ಚೀಲ ಗದ್ದೆಗೆ ತಾನೇ ಹೋದದ್ದು, ಯಾರೂ ತಿನ್ನಲು ಕೊಟ್ಟದ್ದಲ್ಲವಲ್ಲ. ಇವರು ಮಾತ್ರ ಸೈಕಲ್ ಹತ್ತಿಯಾಗಿತ್ತು. ಅವತ್ತು ಸೇತುವೆಯ ಮೇಲೆ ಇಳಿಯಲಿಲ್ಲ.

ಮಾವನ ಹಿತ್ತಿಲಿಗೆ ಕಾಲಿಟ್ಟಾಗ ಬೆಳಗಿನ ಹೊತ್ತು. ಮಾವನ ಮೊಮ್ಮಗಳು, ಐದಾರು ವರ್ಷದವಳು, ಬಚ್ಚಲ ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದಳು. ತೋರುಬೆರಳಿನ ತುಂಬ ಕೆಂಬೂದು ಬಣ್ಣದ ಬೂದಿ, ತುಟಿಯ ಸುತ್ತಲೂ ಅದೇ. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು.

ಆಸಿಡ್ ಬೆರೆಸಿದ ಚೀಲವನ್ನು ಮಾವ ಗದ್ದೆಗೆ ಹಾಕಿದ್ದರು. ಬರೀ ಬೂದಿಯ ಚೀಲ ಮಾತ್ರ ಮನೆಯಲ್ಲೇ ಉಳಿದಿತ್ತು. ಅದು ಮಾವನ ತಾಯಿಯ ಕಣ್ಣಿಗೆ ಬಿದ್ದಿತ್ತು. ಜರಡಿ ಹಿಡಿದ ನುಣ್ಣನೆಯ ಬೂದಿ; ಒಲೆಯ ಬೂದಿಯಲ್ಲಿ ಇದ್ದಿಲು, ಕಲ್ಲು ಇರುತ್ತದೆ. ಅಜ್ಜಿ ಪಾತ್ರೆ ತಿಕ್ಕಲು ತೆಗೆದುಕೊಂಡರು, ಮಕ್ಕಳಿಗೆ ಹಲ್ಲುಜ್ಜಲು ಕೊಟ್ಟರು. ಹುಳ ಬೀಳಬಾರದೆಂದು ವರ್ಷದ ಹೆಸರುಕಾಳಿಗೆ ಬೆರೆಸಿ ಮೂರು ಗಡಿಗೆಗೆ ತುಂಬಿ ಬಾಯಿ ಕಟ್ಟಿದ್ದರು. ನಮ್ಮ ಸೀಮೆಯ ಯಾವ ಮನೆಯಲ್ಲಾದರೂ ಬೂದಿಗೆ ಇರುವ ಉಪಯೋಗಗಳೇ ಇವು. ಹಳ್ಳಿಹಳ್ಳಿ ತಿರುಗಿದ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

ಇವರು ಹೋಗಿ ಹುಡುಗಿಯ ಕೈ ಹಿಡಿದುಕೊಂಡರು. ಮಗು ಹೆದರಿ ಅತ್ತಿತು. ‘ಅಮ್ಮಾರೆ, ಇದರಾಗೆ ಸೀಸ ಐತೆ, ವಿಷ. ಎಲ್ಲಾ ಚೆಲ್ಲಬೇಕು, ಕಾಳೂ ಚೆಲ್ಲಬೇಕು’ ಎಂದರು.

ಅಜ್ಜಿ ನಕ್ಕುಬಿಟ್ಟರು. ‘ಬೂದಿ ಮುಟ್ಟಿ ಸತ್ತೋರು ಎಲ್ಲಿ ಅದಾರಪ್ಪಾ? ನಮ್ಮತ್ತೆ ಸಾಯಾತನಕ ಬೂದ್ಯಾಗೇ ಹಲ್ಲುಜ್ಜಿದ್ಲು, ಒಂದು ಹಲ್ಲೂ ಬಿದ್ದಿರ್ಲಿಲ್ಲ. ವರ್ಷದ ಕಾಳು ಚೆಲ್ಲು ಅಂತೀಯಲ್ಲ, ನಾವೇನು ತಿನ್ನಾಣ?’

ಮಾವ ಯೋಚಿಸಿ ಮಾತಾಡುವ ಮನುಷ್ಯ. ‘ಸಾಯೇಬ್ರೆ, ಗಿರಣಿ ಬೂದಿಯಾಗೆ ಸೀಸ ಎಲ್ಲಿಂದ ಬರ್ತೈತೆ? ಭತ್ತದ ಹೊಟ್ಟಿನಾಗೆ ಸೀಸ ಇರ್ತೈತಾ?’ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕಿದ್ದ ಉತ್ತರ ಒಂದೇ. ಇವರು ನನ್ನ ಮುಖ ನೋಡಿದರು. ಹೇಳಬೇಕಾದವನು ನಾನು, ಸುಳ್ಳು ನನ್ನದು. ಮಾವನ ಮನೆ, ಹೆಂಡತಿಯ ಕಡೆಯವರು, ನಾಳೆ ಮದುವೆ ಮುಂಜಿಯಲ್ಲಿ ಮುಖ ತೋರಿಸಬೇಕು. ನಾನು ಹೇಳಿದ್ದೇನು ಗೊತ್ತೆ? ‘ಕಾಳನ್ನ ನಾಕು ಸಲ ಚೆನ್ನಾಗಿ ತೊಳೆದು ಬೇಯಿಸಿದ್ರೆ ಆದೀತು ಬಿಡ್ರಿ ಅಜ್ಜಿ’ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಜೀವನದಲ್ಲಿ ಆಡಿದ ಅತ್ಯಂತ ಕೆಟ್ಟ ಮಾತು ಅದು.

ಇವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಅಜ್ಜಿಯ ಕಡೆಗೆ ತಿರುಗಿದರು.

‘ಅಮ್ಮಾರೆ, ಅದು ಗಿರಣಿ ಬೂದಿ ಅಲ್ಲ. ಊರಿನ ಹೇಲು. ಚರಂಡಿ ಹೊಂಡದಾಗಿಂದ ಎತ್ತಿ ಒಣಗಿಸಿ ಸುಟ್ಟಿದ್ದು. ಈ ಕೈಯಾಗೇ ಸುಟ್ಟೆ.’ ಅಷ್ಟಕ್ಕೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ‘ನಮ್ಮಪ್ಪ ತಲಿ ಮ್ಯಾಲೆ ಮಲದ ಬುಟ್ಟಿ ಹೊತ್ತೋರು’ ಎಂದು, ತಮ್ಮ ಜಾತಿಯ ಹೆಸರನ್ನೂ ಹೇಳಿದರು. ಯಾರೂ ಕೇಳಿರಲಿಲ್ಲ.

ಅಜ್ಜಿ ಕೂತಲ್ಲೇ ಕುಸಿದರು. ಮರುಕ್ಷಣ ಎದ್ದು ಹುಡುಗಿಯ ಬಾಯಿಗೆ ಉಪ್ಪು ತುರುಕಿ, ಒಸಡಿನಲ್ಲಿ ರಕ್ತ ಬರುವ ಹಾಗೆ ಉಜ್ಜತೊಡಗಿದರು. ಒಳಗಿನಿಂದ ಗಡಿಗೆಗಳು ಹೊರಗೆ ಬಂದವು. ತೊಳೆದಿಟ್ಟ ಪಾತ್ರೆಗಳೆಲ್ಲ ಅಂಗಳಕ್ಕೆ ಬಿದ್ದವು. ಅಕ್ಕಪಕ್ಕದವರು ಬೇಲಿಯ ಹತ್ತಿರ ಸೇರಿದರು. ಮಾವ ಎತ್ತು ಹೊಡೆಯುವ ಬಾರುಕೋಲು ಹಿಡಿದು ನಿಂತಿದ್ದರು. ಎರಡು ನಿಮಿಷದ ಹಿಂದೆ ಸಾಯೇಬ್ರೆ ಎಂದ ಬಾಯಿ, ‘ಏ, ಯಾರೋ ನಿನ್ನ ಈ ಮನೆಯಾಗೆ ಬಿಟ್ಟೋನು?’ ಎಂದಿತು. ಇವತ್ತು ಇಲ್ಲಿ ಹೆಣ ಬೀಳುತ್ತದೆ ಎಂದುಕೊಂಡೆ.

ಇವರು ಓಡಲಿಲ್ಲ. ಗೋಣಿಚೀಲ ಬಿಚ್ಚಿ, ಮೂರೂ ಗಡಿಗೆಯ ಕಾಳನ್ನು ಅದಕ್ಕೆ ಸುರಿದುಕೊಂಡು, ಬೂದಿ ಬಿದ್ದ ನೆಲವನ್ನು ಕೈಯಿಂದಲೇ ಗುಡಿಸಿ ತುಂಬತೊಡಗಿದರು. ‘ತಿಪ್ಪಿಗೆ ಹಾಕಬ್ಯಾಡ್ರಿ, ದನಕ್ಕೆ ಹಾಕಬ್ಯಾಡ್ರಿ. ಒಂದು ಕಾಳೂ ಬಿಡಬ್ಯಾಡ್ರಿ, ಎಲ್ಲಾ ನಾನೇ ಒಯ್ದು ಹೂಳ್ತೀನಿ. ಗದ್ದೆಯಾಗಿನ ಆ ಪಟ್ಟಿ ಪೈರನ್ನೂ ಉಣ್ಣಬ್ಯಾಡ್ರಿ’ ಎಂದು ಹೇಳುತ್ತಲೇ ಇದ್ದರು. ಬಗ್ಗಿ ಚೀಲದ ಬಾಯಿ ಕಟ್ಟುವಾಗ ಬಾರುಕೋಲು ಬೆನ್ನಿನ ಮೇಲೆ ಬಿತ್ತು. ಒಂದೇ ಏಟು. ಕಟ್ಟುವ ಕೈ ನಿಲ್ಲಲಿಲ್ಲ. ಯಾರೂ ತಡೆಯಲಿಲ್ಲ. ಯಾರೂ ಎಂದರೆ ನಾನು.

ಆಗ ಮಾವ ನನ್ನ ಕಡೆ ತಿರುಗಿದರು. ‘ಅಳಿಯಂದ್ರೇ, ನಿಮಗೆ ಗೊತ್ತಿತ್ತೇನು?’

ನಾನು ಬಾಯಿ ತೆರೆಯುವ ಮೊದಲೇ ಇವರು ಬಗ್ಗಿದಲ್ಲಿಂದಲೇ ಹೇಳಿದರು: ‘ಇಲ್ಲ. ಅವ್ರಿಗೂ ಗಿರಣಿ ಬೂದಿ ಅಂತ್ಲೇ ಹೇಳಿದ್ದೆ ನಾನು.’

ನಾನು ಸುಮ್ಮನಿದ್ದೆ.

ಬೂದಿ ಮೆತ್ತಿದ ಕೈಯಲ್ಲೇ ಚೀಲವನ್ನು ಸೈಕಲ್ಲಿಗೆ ಹೇರಿಕೊಂಡು ಊರಾಚೆ ಬಂದರು. ನಾನು ದೂರದಿಂದ ಹಿಂಬಾಲಿಸಿ, ಯಾರೂ ಕಾಣದ ತಿರುವಿನಲ್ಲಿ ಜೊತೆಯಾದೆ. ‘ಜಾತಿ ಯಾಕೆ ಹೇಳಿದ್ರಿ? ಅದು ಬೇಕಿತ್ತೇನ್ರಿ?’ ಎಂದೆ. ಬೇರೆ ಏನು ಕೇಳಲೂ ಧೈರ್ಯವಿರಲಿಲ್ಲ.

‘ಸೀಸಕ್ಕೆ ಅವ್ರು ಹೆದರಲ್ಲ ರೀ’ ಎಂದರು. ‘ನನಗೆ ಹೆದರ್ತಾರೆ. ಅದಕ್ಕೇ ಹೇಳಿದೆ.’

ಬಾಟ್ಲಿಯ ನೀರಿನಲ್ಲಿ ಕೈಯ ಬೂದಿ ತೊಳೆದುಕೊಂಡರು. ಉಳಿದದ್ದನ್ನು ಕುಡಿದು ಸೈಕಲ್ ತಳ್ಳಿದರು.

ಸುದ್ದಿ ಅವತ್ತೇ ಹೊನ್ನಾಳಿಗೆ ಬಂತು. ತಪ್ಪು ತಮ್ಮದೇ ಎಂದು ಅವರೇ ಬರೆದುಕೊಟ್ಟ ಕಾಗದದಲ್ಲಿ ನನ್ನ ಹೆಸರಿರಲಿಲ್ಲ. ತಿಂಗಳೊಳಗೆ ಜಗಳೂರಿಗೆ ವರ್ಗವಾಯಿತು. ಅಲ್ಲಿಯೂ ಅವರು ಆ ಕೆಲಸ ಬಿಡಲಿಲ್ಲ ಎಂದು ಗೊತ್ತಾದದ್ದು ಎಂಬತ್ತರ ದಶಕದಲ್ಲಿ ಒಮ್ಮೆ ನೋಡಲು ಹೋದಾಗ. ಚರಂಡಿಯ ಸಹವಾಸ ಬಿಟ್ಟು, ಒಂದು ಹಾಸ್ಟೆಲಿನ ಕಕ್ಕಸು ಗುಂಡಿಯ ಕೆಸರನ್ನು ಮಾತ್ರ ಸುಡುತ್ತಿದ್ದರು. ಮೊದಲು ಹಳದಿ ಬರುತ್ತದೆಯೇ ನೋಡಿ, ಬರದಿದ್ದರೆ ಮಾತ್ರ ನೀಲಿಯ ಪರೀಕ್ಷೆ. ಏನು ಅಂತ ಮೊದಲೇ ಹೇಳಿ ಕೊಡುತ್ತಿದ್ದುದರಿಂದ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ತಮ್ಮದೇ ಮನೆ ಹಿಂದಿನ ನಾಲ್ಕು ಸಾಲು ಜೋಳಕ್ಕೆ ಹಾಕಿಕೊಂಡಿದ್ದರು. ತೆನೆ ದಪ್ಪಗಿದ್ದವು. ‘ಮನೆಯಾಗೆ ಉಣ್ಣಾಕೆ ಹೆಂಡ್ತಿ ಬಿಡ್ತಾಳೆ, ನನಗೇ ಭಯ’ ಎಂದು ನಕ್ಕರು.

ಅವರು ಬರೆದ ಪ್ರತಿ ಕಾಗದದಲ್ಲೂ ಒಂದು ಪ್ರಶ್ನೆ ಇರುತ್ತಿತ್ತು: ಆ ಹುಡುಗಿ ಹೇಗಿದ್ದಾಳೆ? ನಾನು ಹೋಗಿ ನೋಡಿ ಬರೆಯುತ್ತಿದ್ದೆ. ಹೊಟ್ಟೆನೋವು ಬಂತೆಂದರೆ ಇಬ್ಬರಿಗೂ ನಿದ್ದೆಯಿಲ್ಲ. ಮಗ್ಗಿ ತಪ್ಪಿದಳೆಂದರೆ ಸೀಸ ತಲೆಗೇರಿತೇ ಎಂಬ ಗಾಬರಿ. ಈಗ ಅವಳು ಬೆಳೆದು ನಿಂತಿದ್ದಾಳೆ, ಚೆನ್ನಾಗಿದ್ದಾಳೆ. ಹಾಗೆಂದು ಬರೆದ ಕೊನೆಯ ಕಾಗದ ಅವರಿಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ.

ಕಾರ್ಡು ಬಂದ ನಾಲ್ಕನೆಯ ದಿನ ಗೋವಿನಕೋವಿಗೆ ಹೋದೆ. ಇಷ್ಟು ವರ್ಷ ಇಲ್ಲದ ಧೈರ್ಯ ಸತ್ತವರಿಂದ ಬಂತೋ, ಮಗಳಿಗೆ ಎಲ್ಲ ಗೊತ್ತಿರಬಹುದೆಂಬ ಭಯದಿಂದ ಬಂತೋ ಹೇಳಲಾರೆ. ಮಾವನಿಗೆ ವಯಸ್ಸಾಗಿದೆ. ಜಗಳೂರಿನ ಗೆಳೆಯರು ತೀರಿಕೊಂಡ ಸುದ್ದಿ ಹೇಳಿದೆ.

‘ಹೂಂ. ನಿಮಗೂ ಮೋಸ ಮಾಡಿದ್ನಲ್ಲ ಅವ್ನು’ ಎಂದರು.

‘ಇಲ್ಲ ಮಾವ’ ಎಂದೆ. ‘ನನಗೆ ಮೊದಲಿಂದ್ಲೂ ಗೊತ್ತಿತ್ತು. ಹೇಳಿಯೇ ಕೊಡಾಣ ಅಂದೋರು ಅವ್ರು. ಗಿರಣಿ ಬೂದಿ ಅಂತ ಸುಳ್ಳು ಹೇಳಿದೋನು ನಾನೇ. ಏಟು ನನಗೆ ಬೀಳಬೇಕಿತ್ತು.’

ಮಾವ ನಕ್ಕು ನನ್ನ ತೊಡೆ ತಟ್ಟಿದರು.

‘ಬಿಡ್ರಿ ಅಳಿಯಂದ್ರೆ. ಸತ್ತೋನ ಮ್ಯಾಲಿನ ಕನಿಕರಕ್ಕೆ ಹಂಗಂತೀರಿ. ನಮ್ಮೋರು ಅಂಥ ಕೆಲ್ಸ ಮಾಡ್ತಾರೇನ್ರಿ?’

ಅವತ್ತು ಗೆಳೆಯರು ಒಂದೇ ಮಾತು ಹೇಳಿದಾಗ ಮೂರು ಗಡಿಗೆ ಕಾಳು ಹೊರಗೆ ಹಾಕಿದ ಮನೆ ಅದು. ನಾನು ಮತ್ತೆ ಹೇಳಿದೆ, ಆಣೆ ಮಾಡಿ ಹೇಳಿದೆ. ಮಾವ ತಲೆ ಅಲ್ಲಾಡಿಸುತ್ತ ಒಳಗೆ ಕೂಗಿ ಕಾಫಿ ತರಿಸಿದರು. ಆ ಹುಡುಗಿಯೇ ತಂದುಕೊಟ್ಟಳು. ಕುಡಿದೆ.